ನಲವತ್ತು ವೋಲ್ಟಿನ ಕಾರಣ

ಆ ಮಧ್ಯಾಹ್ನ ಮಣಿಪಾಲದ ನಮ್ಮ ಪ್ರಯೋಗಾಲಯದ ಕೋಣೆಯಲ್ಲಿ ಏಳು ಮಂದಿ ಇದ್ದೆವು. ಹೊರಗಿನಿಂದ ಬಂದ ತಜ್ಞರ ಸಮಿತಿಯವರು ಮೂವರು. ಯಂತ್ರಗಳ ನಡುವೆ ಒಂದು ಕುರ್ಚಿಗಷ್ಟೇ ಜಾಗ ಇದ್ದುದರಿಂದ ಸಮಿತಿಯ ಅಧ್ಯಕ್ಷರು ಕುಳಿತಿದ್ದರು, ಉಳಿದಿಬ್ಬರು ಗೋಡೆಗೆ ತಾಗಿಕೊಂಡು ನಿಂತಿದ್ದರು. ಬಾಗಿಲ ಬಳಿ ವಿದ್ಯುತ್ ವಿಭಾಗದ ಮುಖ್ಯಸ್ಥರು, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಪಂಪಿನ ಪಕ್ಕದಲ್ಲಿ ಅಟೆಂಡರ್ ಸಂಜೀವ. ಮೀಟರಿನ ಎದುರು ನಾನು, ಆಗ ಕಿರಿಯ ಅಧ್ಯಾಪಕ. ಏಳನೆಯವರು ನಮ್ಮ ಮಾಷ್ಟ್ರು, ಭೌತಶಾಸ್ತ್ರದ ಪ್ರೊಫೆಸರು, ಪ್ರಯೋಗ ಅವರದ್ದು. ಜುಲೈ ತಿಂಗಳು, ಹೊರಗೆ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಗೋಡೆಯ ಸುಣ್ಣ ಮುಟ್ಟಿದರೆ ಕೈಗೆ ಬರುತ್ತಿತ್ತು.

ರೀಡಿಂಗ್ ತೆಗೆದು ಮುಗಿಯಿತು. ಮಾಷ್ಟ್ರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದು, ಪುಸ್ತಕವನ್ನು ತಿರುಗಿಸಿ ಅಧ್ಯಕ್ಷರ ಮುಂದೆ ಇಟ್ಟು, ಪೆನ್ನು ಚಾಚಿದರು.

"ಸಹಿ."

"ನಂದ್ಯಾಕ್ರೀ?" ಎಂದರು ಅಧ್ಯಕ್ಷರು. ಅವರು ಘಟ್ಟದ ಮೇಲಿನವರು.

"ರೀಡಿಂಗ್ ತೆಗೆಯುವಾಗ ಕೋಣೆಯಲ್ಲಿ ಇದ್ದವರೆಲ್ಲ ಸಹಿ ಹಾಕಬೇಕು. ಇಲ್ಲಿಯ ಕ್ರಮ ಅದು."

"ನಾನೇನು ನಿಮ್ಮ ಸ್ಟೂಡೆಂಟಾ?"

"ಕಂಡದ್ದನ್ನು ಕಂಡೆ ಅಂತ ಹೇಳಲಿಕ್ಕೆ ಸ್ಟೂಡೆಂಟ್ ಆಗಬೇಕೂಂತ ಇಲ್ಲ."

ಅಧ್ಯಕ್ಷರು ಆ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಉಳಿದಿಬ್ಬರು ಅವರ ಮುಖ ನೋಡಿ ಕೈಕಟ್ಟಿಕೊಂಡರು. ವಿದ್ಯುತ್ ವಿಭಾಗದ ಮುಖ್ಯಸ್ಥರು, "ನನ್ನ ಕೈ ಒದ್ದೆ ಉಂಟು ಮಾರಾಯ್ರೆ, ಆಮೇಲೆ ಹಾಕುವ" ಎಂದರು. ಕೊನೆಗೆ ಆ ಪುಟದಲ್ಲಿ ಮೂರೇ ಸಹಿ ಬಿದ್ದವು. ಮಾಷ್ಟ್ರದ್ದು, ನನ್ನದು, ಸಂಜೀವನದ್ದು. ಅಧ್ಯಕ್ಷರ ಹೆಸರು ಬರೆದಿಟ್ಟ ಜಾಗ ಖಾಲಿ ಉಳಿಯಿತು. ಅದರ ಮೇಲೆ "ಕಾರಣ" ಎಂದು ಬರೆದಿದ್ದ ಇನ್ನೊಂದು ಜಾಗವೂ ಖಾಲಿ.

ಮಾಷ್ಟ್ರು ಹೋಗಿ ಈಗ ಮೂರು ತಿಂಗಳಾಯಿತು. ಆ ನೋಟ್‌ಬುಕ್ಕನ್ನು ಅವರ ಹೆಂಡತಿ ನನ್ನ ಕೈಗೆ ಕೊಟ್ಟಿದ್ದಾರೆ. ಬರೆಯುವಾಗ ಅದು ನನ್ನ ಮುಂದೆಯೇ ಉಂಟು. ನನ್ನ ಅಜ್ಜಿ ಯಾವ ಕತೆಯನ್ನಾದರೂ ನಡುವಿನಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತಿದ್ದವರು. ನನಗೂ ಅದೇ ಅಭ್ಯಾಸ ಬಂದಿದೆ, ಸ್ವಲ್ಪ ಸಹಿಸಿಕೊಳ್ಳಬೇಕು.

ಮಾಷ್ಟ್ರು ಹುಟ್ಟಿದ್ದು ಬೆಳ್ಮಣ್ಣಿನ ಬೇಸಾಯದ ಮನೆಯಲ್ಲಿ, ಶಾಲೆ ಕಲಿತದ್ದು ಕಾರ್ಕಳದಲ್ಲಿ, ಮನೆ ಮಾಡಿದ್ದು ಕಾಪುವಿನಲ್ಲಿ ಹೆದ್ದಾರಿಯ ಪಕ್ಕ. ಗಿಡ್ಡ ಜನ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಪೀಪಿ. ಸಂಗೀತದವರು ಶ್ರುತಿ ಹಿಡಿಯಲು ಊದುತ್ತಾರಲ್ಲ, ಅಂಥದ್ದು. ಅವರಿಗೆ ಸಂಗೀತ ಬರುತ್ತಿರಲಿಲ್ಲ. ಪೀಪಿ ಇದ್ದದ್ದು ಬಸ್ಸಿಗೆ.

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳು ಕಾಪು ಪೇಟೆಯಲ್ಲಿ ಹೇಗೆ ಹೋಗುತ್ತಿದ್ದವು ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ದೂರದಿಂದಲೇ ಹಾರ್ನ್ ಒತ್ತಿದರೆ ಪೇಟೆ ದಾಟುವ ತನಕ ಬಿಡುವುದಿಲ್ಲ. ಬಸ್ಸು ಹತ್ತಿರ ಬರುವಾಗ ಹಾರ್ನಿನ ಸ್ವರ ಏರಿರುತ್ತದೆ, ದಾಟಿ ಹೋದ ಕೂಡಲೇ ಇಳಿಯುತ್ತದೆ. ಎಷ್ಟು ಇಳಿಯಿತು ಎಂದು ಪೀಪಿಯಲ್ಲಿ ಹಿಡಿದು ನೋಡಿದರೆ ಬಸ್ಸಿನ ವೇಗ ಸಿಗುತ್ತದೆ. ಮಾಷ್ಟ್ರು ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಿಂತು, ಪೀಪಿ ಊದಿ, ಬೆರಳಲ್ಲಿ ಲೆಕ್ಕ ಹಾಕಿ, "ಎಪ್ಪತ್ತೆರಡು" ಎನ್ನುತ್ತಿದ್ದರು.

ಒಮ್ಮೆ ನಿಲ್ದಾಣದಲ್ಲಿ ಡ್ರೈವರನಿಗೆ ಹಾಗೆಯೇ ಹೇಳಿದರು, "ಪೇಟೆಯಲ್ಲಿ ಎಪ್ಪತ್ತೆರಡರಲ್ಲಿ ಬಂದೆ ನೀನು."

"ಎಂತದು ಮಾಷ್ಟ್ರೇ, ನನ್ನ ಮೀಟರಿನಲ್ಲಿ ಐವತ್ತು ತೋರಿಸ್ತಾ ಉಂಟು."

ಬಸ್ಸಿನೊಳಗಿನಿಂದ ಮೀನಿನ ಬುಟ್ಟಿಯ ಹೆಂಗಸೊಬ್ಬಳು ತಲೆ ಹೊರಗೆ ಹಾಕಿದಳು. "ಅವರು ಹೇಳುದೇ ಸರಿ. ನಿನ್ನ ಮೀಟರಿಗೆ ಎಂತ ಗೊತ್ತುಂಟು, ಬಿದ್ದದ್ದು ನನ್ನ ಬುಟ್ಟಿ ಅಲ್ವಾ?"

ಕಂಡಕ್ಟರ್ ನಕ್ಕುಬಿಟ್ಟ. "ಹೌದು ಮಾಷ್ಟ್ರೇ, ಆ ಮೀಟರ್ ಎರಡು ವರ್ಷದಿಂದ ಐವತ್ತೇ ತೋರಿಸುದು. ನಿಂತಾಗಲೂ ಐವತ್ತೇ."

ಮಾಷ್ಟ್ರು ಈ ಕತೆಯನ್ನು ನಮಗೆ ಹತ್ತು ಸಲ ಹೇಳಿರಬಹುದು. ಕೊನೆಯಲ್ಲಿ ಯಾವಾಗಲೂ ಒಂದೇ ಮಾತು: "ಓಡುವುದನ್ನು ಅಳೆಯಬೇಕಾದರೆ ಓಡುವುದನ್ನೇ ಕೇಳಬೇಕು. ಮೀಟರನ್ನು ಕೇಳಿದರೆ ಮೀಟರ್ ತನ್ನ ಸುಖದುಃಖ ಹೇಳುತ್ತದೆ."

ಅವರ ಪ್ರಯೋಗವೂ ಇದೇ ಬಸ್ಸಿನ ಹಾರ್ನು. ಬಸ್ಸಿನ ಜಾಗದಲ್ಲಿ ಬೇರಿಯಂ ಅಯಾನು, ಸ್ವರದ ಜಾಗದಲ್ಲಿ ಬಣ್ಣ. ಬೇರಿಯಂ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತರೆ ಅದು ಅಯಾನು ಆಗುತ್ತದೆ, ವೋಲ್ಟೇಜು ಕೊಟ್ಟರೆ ಓಡುತ್ತದೆ. ಇಪ್ಪತ್ತು ಸಾವಿರ ವೋಲ್ಟು ಕೊಟ್ಟರೆ ಒಂದೇ ಸೆಕೆಂಡಿನಲ್ಲಿ ಮಣಿಪಾಲದಿಂದ ಕಾರ್ಕಳಕ್ಕೆ ಎರಡು ಸಲ ಹೋಗಿ ಬರುವಷ್ಟು ವೇಗ. ನಿಂತ ಅಯಾನು ಒಂದು ಖಚಿತವಾದ ಬಣ್ಣದ ಬೆಳಕನ್ನು ಮಾತ್ರ ಹೀರಿ ಮಿನುಗುತ್ತದೆ. ಓಡುವ ಅಯಾನಿಗೆ ಆ ಬಣ್ಣ ಕೊಂಚ ಸರಿದು ಕಾಣುತ್ತದೆ. ಲೇಸರಿನ ಕಿತ್ತಳೆ ಬೆಳಕನ್ನು ಅದರ ಎದುರು ಬಿಟ್ಟು, ಬಣ್ಣವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಕಡೆ ಅಯಾನುಗಳು ಮಿನುಗುತ್ತವೆ. ಎಷ್ಟು ತಿರುಗಿಸಬೇಕಾಯಿತು ಎಂಬುದರಿಂದ ವೇಗ, ವೇಗದಿಂದ ವೋಲ್ಟೇಜು.

ಇಷ್ಟು ಕಷ್ಟ ಯಾಕೆ, ಮೀಟರ್ ಇಲ್ಲವೇ ಎಂದು ಕೇಳಬಹುದು. ಇಪ್ಪತ್ತು ಸಾವಿರ ವೋಲ್ಟನ್ನು ನೇರವಾಗಿ ಮೀಟರಿಗೆ ಕೊಟ್ಟರೆ ಮೀಟರೂ ಉಳಿಯುವುದಿಲ್ಲ, ನಾವೂ ಉಳಿಯುವುದಿಲ್ಲ. ಅದಕ್ಕಾಗಿ ಡಿವೈಡರ್ ಎಂಬುದೊಂದು ಇರುತ್ತದೆ. ಕರೆಂಟು ಹರಿಯದ ಎಬೊನೈಟಿನ ಆಳೆತ್ತರದ ಕಂಬ, ಅದರ ಸುತ್ತ ನೂರು ರೆಸಿಸ್ಟರುಗಳು ಏಣಿಯ ಮೆಟ್ಟಿಲುಗಳ ಹಾಗೆ. ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ, ತೀರಾ ಕೆಳಗಿನ ಒಂದು ಸಣ್ಣ ಮೆಟ್ಟಿಲನ್ನು ಮಾತ್ರ ಮೀಟರಿನಲ್ಲಿ ಅಳೆದು ಗುಣಿಸುವುದು. ಮೆಟ್ಟಿಲುಗಳು ಸರಿಯಾಗಿವೆ ಎಂದು ಹೇಳುವವರು ಯಾರು? ಇನ್ನೊಂದು ಊರಿನ ಇನ್ನೊಂದು ಡಿವೈಡರ್. ಅದನ್ನು ಹೇಳುವುದು ಮತ್ತೊಂದು. ಯಾವ ಡಿವೈಡರನ್ನೂ ಕೇಳದೆ, ಪರಮಾಣುವನ್ನೇ ಕೇಳಿ ವೋಲ್ಟೇಜು ಹೇಳಬೇಕು ಎಂಬುದು ಮಾಷ್ಟ್ರ ಹಟ. ವಿದೇಶದ ಒಂದೆರಡು ಕಡೆ ಆಗ ಇದರ ಮಾತು ಶುರುವಾಗಿತ್ತಷ್ಟೆ. ಅವರು ಎರಡು ವರ್ಷ ಹೊರದೇಶದಲ್ಲಿ ಇದ್ದಾಗ ಕೆಲಸ ಮಾಡಿದ ಪ್ರಯೋಗಾಲಯದವರು ತಮ್ಮ ಹಳೆಯ ಲೇಸರನ್ನು ದಾನ ಕೊಟ್ಟರು. ಸರಕಾರದ ಒಂದು ಯೋಜನೆಯಿಂದ ಉಳಿದದ್ದಕ್ಕೆ ನೆರವು ಬಂತು.

ದಾನ ಬಂದ ಲೇಸರು ಬಂದರಿನ ಕಸ್ಟಮ್ಸಿನಲ್ಲಿ ಹನ್ನೊಂದು ತಿಂಗಳು ಕುಳಿತಿತ್ತು. ಅದು ಸಿನಿಮಾ ಯಂತ್ರ ಅಲ್ಲ ಎಂದು ಸಾಬೀತು ಮಾಡಲು ಮಾಷ್ಟ್ರು ಐದು ಸಲ ಹೋಗಿ ಬಂದರು. ಬಂದ ಮೇಲೆ ಕರೆಂಟು ಹೋಗುವುದು. ಪಂಪು ನಿಲ್ಲುವುದು, ಒಂದೂವರೆ ದಿನ ಗಾಳಿ ತೆಗೆದ ಕೊಳವೆಯೊಳಗೆ ಮತ್ತೆ ಗಾಳಿ ತುಂಬುವುದು, ಮತ್ತೆ ಮೊದಲಿನಿಂದ. ಏಪ್ರಿಲ್ ತಿಂಗಳಲ್ಲಿ ಲೇಸರನ್ನು ತಂಪು ಮಾಡುವ ನೀರೇ ಬಿಸಿಯಾಗುತ್ತಿತ್ತು. ಸಂಜೀವ ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯಿಂದ ಗೋಣಿಯಲ್ಲಿ ಮಂಜುಗಡ್ಡೆ ಕಟ್ಟಿಸಿ ತರುತ್ತಿದ್ದ. ಅದು ಕರಗಿದ ಹಾಗೆ ಕೋಣೆಯಿಡೀ ಬಂಗುಡೆ ಮೀನಿನ ವಾಸನೆ. ನಾನು ದೇವಸ್ಥಾನದ ಊಟದಲ್ಲಿ ಬೆಳೆದವನು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮೀಟರ್ ಓದುತ್ತಿದ್ದೆ.

"ಭಟ್ರಿಗೆ ಸುಲಭ ಉಂಟು," ಎನ್ನುತ್ತಿದ್ದ ಸಂಜೀವ, "ವಾಸನೆ ಮಾತ್ರ ಬರುದು. ನನಗೆ ವಾಸನೆಯೂ ಬರ್ತದೆ, ಹಸಿವೂ ಆಗ್ತದೆ."

ಮನೆಯಲ್ಲಿ, ದಾರಿಯಲ್ಲಿ ನಾವೆಲ್ಲ ಮಾತಾಡುತ್ತಿದ್ದದ್ದು ತುಳು. ಕೋಣೆಯೊಳಗೆ ಮಾತ್ರ ಕನ್ನಡ, ಯಾಕೆಂದರೆ ಮಾಷ್ಟ್ರ ನೋಟ್‌ಬುಕ್ ಕನ್ನಡದಲ್ಲಿತ್ತು. "ಆಡಿದ್ದು ಒಂದು, ಬರೆದದ್ದು ಒಂದು ಆಗಬಾರದು" ಎಂಬುದು ಅವರ ಸಮಜಾಯಿಷಿ. ಪ್ರತಿ ಪುಟದಲ್ಲೂ ಕೊನೆಗೆ "ಕಾರಣ" ಎಂದೊಂದು ಜಾಗ ಇರುತ್ತಿತ್ತು. ನಿನ್ನೆಯ ಅಂಕಿಗೂ ಇವತ್ತಿನ ಅಂಕಿಗೂ ವ್ಯತ್ಯಾಸ ಬಂದರೆ ಯಾಕೆ ಎಂದು ಅಲ್ಲಿ ಬರೆಯಬೇಕು, ಗೊತ್ತಿಲ್ಲದಿದ್ದರೆ ಖಾಲಿ ಬಿಡಬೇಕು. ಸೇರಿದ ಹೊಸತರಲ್ಲಿ ನಾನು ಒಮ್ಮೆ "ದುರದೃಷ್ಟವಶಾತ್ ಕರೆಂಟು ಹೋದುದರಿಂದ" ಎಂದು ಬರೆದಿದ್ದೆ. ಅವರು "ದುರದೃಷ್ಟವಶಾತ್" ಎಂಬುದರ ಮೇಲೆ ಗೆರೆ ಎಳೆದರು.

"ಅಭಿಪ್ರಾಯ ಬೇಡ ಭಟ್ರೇ. ಎಂತ ಆಯ್ತು, ಅಷ್ಟೆ ಬರೀರಿ."

ಮೊದಲ ಸಲ ಅಯಾನುಗಳು ಮಿನುಗಿದ್ದು ಒಂದು ಡಿಸೆಂಬರಿನ ಬೆಳಿಗ್ಗೆ, ಅಕಾಲದ ಮಳೆ ಹಿಡಿದಿದ್ದಾಗ. ಕಣ್ಣಿಗೆ ಕಾಣುವಂಥದ್ದಲ್ಲ, ಕಾಗದದ ಮೇಲೆ ಯಂತ್ರದ ಪೆನ್ನು ಒಂದು ಸಣ್ಣ ಗುಡ್ಡ ಬರೆಯಿತು. ಮಾಷ್ಟ್ರು ಅದನ್ನು ಬಹಳ ಹೊತ್ತು ನೋಡಿದರು. ಸಂಜೀವ ಚಾ ತಂದ. ಆಮೇಲೆ ಲೆಕ್ಕ ಹಾಕಿದರು, ಎರಡು ಸಲ ಹಾಕಿದರು. ಡಿವೈಡರಿನ ಪ್ರಕಾರ ಇಪ್ಪತ್ತು ಸಾವಿರ ವೋಲ್ಟು. ಬೆಳಕಿನ ಪ್ರಕಾರ ಹತ್ತೊಂಬತ್ತು ಸಾವಿರದ ಒಂಬೈನೂರ ಅರವತ್ತು.

ನಲವತ್ತು ವೋಲ್ಟು ಇಲ್ಲ.

ಆ ನಲವತ್ತನ್ನು ಹುಡುಕುವುದರಲ್ಲಿ ಎರಡೂವರೆ ವರ್ಷ ಹೋಯಿತು. ಲೇಸರಿನ ದಿಕ್ಕು ನೋಡಿದರು. ಬಣ್ಣಕ್ಕೆ ಅಳತೆಗೋಲಾಗಿ ಇಟ್ಟಿದ್ದ ಅಯೋಡಿನ್ ಆವಿಯ ಗಾಜಿನ ಕೊಳವೆಯನ್ನು ಬದಲಿಸಿದರು. ತಿಳಿದವರು ಪತ್ರ ಬರೆದು, "ಅಯಾನು ಹುಟ್ಟುವ ಜಾಗದಲ್ಲೇ ಪೂರ್ತಿ ವೋಲ್ಟೇಜು ಇರುವುದಿಲ್ಲ, ನಿಮ್ಮ ನಲವತ್ತು ಅಲ್ಲಿ ಹೋಗಿದೆ" ಎಂದರು. ಮಾಷ್ಟ್ರು ಹತ್ತು ಸಾವಿರ ವೋಲ್ಟಿನಲ್ಲಿ ಅಳೆದರು, ಕೊರತೆ ಇಪ್ಪತ್ತು. ಐದು ಸಾವಿರದಲ್ಲಿ ಹತ್ತು.

"ನೋಡಿ ಭಟ್ರೇ, ಹುಟ್ಟುವ ಜಾಗದ ತಪ್ಪಾದರೆ ಎಲ್ಲ ವೋಲ್ಟೇಜಿನಲ್ಲೂ ಒಂದೇ ಇರಬೇಕು. ಇದು ವೋಲ್ಟೇಜಿನ ಒಟ್ಟಿಗೇ ಬೆಳೀತದೆ. ಏಣಿಯಲ್ಲಿ ಒಂದು ಮೆಟ್ಟಿಲು ಗಿಡ್ಡ ಆಗಿದೆ, ಉಳಿದವು ಉದ್ದ ಆಗಿ ಮೀಟರ್ ಜಾಸ್ತಿ ತೋರಿಸ್ತದೆ. ತಪ್ಪು ಡಿವೈಡರಿನದ್ದು."

ಇನ್ನೊಂದನ್ನೂ ಕಂಡುಹಿಡಿದಿದ್ದರು. ಮಳೆಗಾಲದಲ್ಲಿ ಕೊರತೆ ನಲವತ್ತನ್ನು ಮುಟ್ಟುತ್ತಿತ್ತು, ಫೆಬ್ರವರಿಯ ಒಣ ಹವೆಯಲ್ಲಿ ಮೂವತ್ತಕ್ಕೆ ಇಳಿಯುತ್ತಿತ್ತು. "ಬೆಳಕಿಗೆ ಸೆಖೆಯೂ ಇಲ್ಲ, ಮಳೆಯೂ ಇಲ್ಲ" ಎಂದು ಅವರು ಗೋಡೆಯ ಹತ್ತಿರ ಹೇಳುವ ಹಾಗೆ ಹೇಳಿಕೊಳ್ಳುತ್ತಿದ್ದರು. "ಒದ್ದೆಯಾಗುವುದು ಆ ಕಂಬವೇ."

ಹಾಗಾದರೆ ಕಂಬವನ್ನು ಬಿಚ್ಚಿ ನೋಡಬಹುದಿತ್ತಲ್ಲ? ಅದೇ ಆಗದ ಸಂಗತಿ. ಡಿವೈಡರ್ ನಮ್ಮ ಕೋಣೆಯಲ್ಲಿ ಇದ್ದರೂ ವಿದ್ಯುತ್ ವಿಭಾಗದ ಸೊತ್ತು. ದೂರದ ಪ್ರಮಾಣ ಪ್ರಯೋಗಾಲಯದಿಂದ ಪರೀಕ್ಷೆಯಾಗಿ, ಮೊಹರು ಹಾಕಿದ ಸರ್ಟಿಫಿಕೇಟಿನೊಂದಿಗೆ ಬಂದದ್ದು. ಅದನ್ನು ತಗಡಿನ ಕಪಾಟಿನೊಳಗೆ ನಿಲ್ಲಿಸಿ ಬೀಗ ಹಾಕಿದ್ದರು, ಬೀಗದ ಕೈ ಆ ವಿಭಾಗದ ಮುಖ್ಯಸ್ಥರ ಗೊಂಚಲಿನಲ್ಲಿ. ಮಾಷ್ಟ್ರು ಮೂರು ಪತ್ರ ಬರೆದರು. ಮೂರಕ್ಕೂ ಉತ್ತರ ಒಂದೇ: ಪರೀಕ್ಷೆಗೆಂದು ತೆರೆದು ಕೈ ಹಾಕಿದರೆ ಸರ್ಟಿಫಿಕೇಟು ರದ್ದಾಗುತ್ತದೆ.

ಮುಖ್ಯಸ್ಥರು ಕೆಟ್ಟವರಲ್ಲ. ದೈವಭಕ್ತರು, ನಿಯಮದವರು. ವರ್ಷಕ್ಕೊಮ್ಮೆ ಅವರೇ ಬಂದು ಆ ಬೀಗ ತೆಗೆಯುತ್ತಿದ್ದರು, ಆಯುಧಪೂಜೆಯ ದಿನ. ಪೂಜೆ ಮಾಡುವವನು ನಾನು. ನಮ್ಮ ಮನೆತನ ಉಡುಪಿಯಲ್ಲಿ ದೇವಸ್ಥಾನದ ಕೆಲಸದ್ದು, ಹಾಗಾಗಿ ಎರಡೂ ವಿಭಾಗದ ಪೂಜೆ ನನ್ನ ಪಾಲಿಗೆ ಬಂದಿತ್ತು. ಮಾಷ್ಟ್ರು ತಮ್ಮ ಲೇಸರಿಗೆ ಒಂದು ಹೂವನ್ನೂ ಮುಟ್ಟಿಸಲು ಬಿಡುತ್ತಿರಲಿಲ್ಲ. "ನನ್ನ ಕನ್ನಡಿಗಳಿಗೆ ದೇವರ ಭಯ ಬೇಡ, ಬಾಗಿಲಿಗೆ ಮಾಡಿ ಸಾಕು" ಎಂದು ಹೇಳಿ ಹೊರಗೆ ವರಾಂಡದಲ್ಲಿ ನಿಲ್ಲುತ್ತಿದ್ದರು. ಮಂಗಳಾರತಿ ಮುಗಿದು ಬೀಗ ಬಿದ್ದ ಮೇಲೆ ಪ್ರಸಾದದ ಪಂಚಕಜ್ಜಾಯಕ್ಕೆ ಒಳಗೆ ಬರುವುದು.

ಎರಡನೆಯ ವರ್ಷದ ಪೂಜೆಯ ದಿನ ಅವರು ವರಾಂಡದಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಸಣ್ಣ ದನಿಯಲ್ಲಿ, ಕಳ್ಳತನಕ್ಕೆ ಕಳಿಸುವವರ ಹಾಗೆ:

"ಭಟ್ರೇ, ಇವತ್ತು ಕಪಾಟು ತೆರೀತಾರಲ್ಲ. ಕಂಬವನ್ನು ಮೇಲಿಂದ ಕೆಳಗೆ ಸರಿಯಾಗಿ ನೋಡಿ ಬನ್ನಿ. ಧೂಳು, ಜೇಡರ ಬಲೆ, ಎಣ್ಣೆ, ಎಂತದಾದರೂ ಅಂಟಿದೆಯಾ ಅಂತ. ಎಂತದೇ ಇರಲಿ."

ನಾನು ನೋಡಿದೆ. ಆರತಿಯ ಬೆಳಕಿನಲ್ಲಿ ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ಹಿಂದಿನ ವರ್ಷದಂತೆ ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟು, ಕೈಮುಗಿದು ಹೊರಗೆ ಬಂದೆ.

"ಏನೂ ಇಲ್ಲ ಸರ್. ಕ್ಲೀನ್ ಉಂಟು."

"ಖಂಡಿತವಾ?"

"ದೇವರಾಣೆ ಸರ್. ಒಂದು ಬಲೆಯೂ ಇಲ್ಲ."

ಅವರು ಪಂಚಕಜ್ಜಾಯ ಬೇಡ ಎಂದು ಕಾಪುವಿನ ಬಸ್ಸಿಗೆ ಹೋದರು.

ಅಷ್ಟು ಹೊತ್ತಿಗೆ ಕ್ಯಾಂಟೀನಿನಲ್ಲಿ ಅವರಿಗೆ "ನಲವತ್ತು" ಎಂದೇ ಹೆಸರು ಬಿದ್ದಿತ್ತು. ಇಡ್ಲಿಗೆ ಚಟ್ನಿ ಕಡಿಮೆಯಾದರೆ, "ಚಟ್ನಿಯಲ್ಲಿ ನಲವತ್ತು ವೋಲ್ಟು ಕಮ್ಮಿ ಉಂಟು" ಎಂದು ಯಾರಾದರೂ ಹೇಳಬೇಕು, ಉಳಿದವರು ನಗಬೇಕು. ಮಾಷ್ಟ್ರು ಕೇಳಿಸಿಕೊಂಡು ಚಟ್ನಿ ಹಾಕಿಸಿಕೊಳ್ಳುತ್ತಿದ್ದರು. ಒಬ್ಬರಿಗೆ ಮಾತ್ರ ಒಮ್ಮೆ ತಿರುಗಿ ಹೇಳಿದರು, "ಕಮ್ಮಿ ಇರುದು ಚಟ್ನಿ ಅಲ್ಲ ಮಾರಾಯ, ನಿನ್ನ ತಟ್ಟೆಯ ಅಳತೆ ಜಾಸ್ತಿ." ಯಾರಿಗೂ ಅರ್ಥವಾಗಲಿಲ್ಲ. ಅವರಿಗೆ ಅದರಿಂದ ಇನ್ನಷ್ಟು ಸಿಟ್ಟು ಬಂತು.

ಈಗ ಮತ್ತೆ ಆ ಜುಲೈ ಮಧ್ಯಾಹ್ನಕ್ಕೆ ಬರುತ್ತೇನೆ. ಅಂದು ತೀರ್ಮಾನವಾಗಬೇಕಿದ್ದದ್ದು ಇಷ್ಟೆ: ಬೆಳಕಿನ ಅಳತೆ ಸರಿಯೋ, ಅಲ್ಲವೋ. ಸರಿ ಎಂದರೆ ಯಂತ್ರಗಳು ಇಲ್ಲೇ ಉಳಿಯುತ್ತವೆ, ಮಾಷ್ಟ್ರಿಗೆ ನಿವೃತ್ತಿಯ ಮೇಲೂ ಮೂರು ವರ್ಷ ಕೆಲಸ ಮುಂದುವರಿಸುವ ಅವಕಾಶ. ಅಲ್ಲ ಎಂದರೆ ಯೋಜನೆ ಮುಕ್ತಾಯ. ಮಾಷ್ಟ್ರಿಗೆ ನಿವೃತ್ತಿಗೆ ಎಂಟು ತಿಂಗಳಿತ್ತು.

ಅವರು ಐದು, ಹತ್ತು, ಇಪ್ಪತ್ತು ಸಾವಿರದ ಅಂಕಿಗಳನ್ನು ಹೇಳಿದರು. ಮಳೆಗಾಲ, ಬೇಸಿಗೆಯ ವ್ಯತ್ಯಾಸ ಹೇಳಿದರು. ಕೊನೆಗೆ, "ಕಪಾಟು ತೆಗೆಸಿ ಸರ್, ನಿಮ್ಮ ಎದುರೇ ನೋಡುವ" ಎಂದರು. ಅವರ ದನಿಯಲ್ಲಿ ಬೇಡುವುದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಧ್ಯಕ್ಷರು ವಿದ್ಯುತ್ ವಿಭಾಗದ ಮುಖ್ಯಸ್ಥರ ಕಡೆ ನೋಡಿದರು. ಮುಖ್ಯಸ್ಥರು ಗೊಂಚಲನ್ನು ಇನ್ನೊಂದು ಕೈಗೆ ಬದಲಿಸಿ, "ಸರ್ಟಿಫಿಕೇಟು ರದ್ದಾಗ್ತದೆ ಸರ್" ಎಂದರು.

"ನೋಡಿ," ಎಂದರು ಅಧ್ಯಕ್ಷರು, "ಡಿವೈಡರ್‌ಗೆ ಸರ್ಟಿಫಿಕೇಟ್ ಇದೆ. ನಿಮ್ಮ ಬೆಳಕಿಗೆ ಸರ್ಟಿಫಿಕೇಟ್ ಇದೆಯೇನ್ರೀ?"

ಮಾಷ್ಟ್ರು ಪುಸ್ತಕ ತಿರುಗಿಸಿ ಸಹಿಗೆ ಪೆನ್ನು ಚಾಚಿದ್ದು ಆಗಲೇ.

ಎರಡು ತಿಂಗಳಲ್ಲಿ ಯೋಜನೆ ಮುಚ್ಚುವ ಆದೇಶ ಬಂತು. ಲೇಸರನ್ನು ಹುಲ್ಲು ತುಂಬಿದ ಪೆಟ್ಟಿಗೆಗೆ ಹಾಕಿ ಬೇರೆ ಊರಿನ ಕಾಲೇಜಿಗೆ ಕಳಿಸಿದರು, ಅಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ ಎಂದು ಕೇಳಿದೆ. ಮಾರ್ಚಿನಲ್ಲಿ ಮಾಷ್ಟ್ರ ಬೀಳ್ಕೊಡುಗೆ ಆಯಿತು. ಹಾರ, ಶಾಲು, ಮೂರು ಭಾಷಣ. ಒಂದು ಭಾಷಣದಲ್ಲಿ ನಲವತ್ತು ವೋಲ್ಟಿನ ಜೋಕೂ ಬಂತು. ಮಾಷ್ಟ್ರು ಎದ್ದು ನಿಂತು, "ಕಾರಣ ಇನ್ನೂ ಸಿಕ್ಕಿಲ್ಲ" ಎಂದರು, ಕುಳಿತರು. ಅವರ ಭಾಷಣ ಅಷ್ಟೇ.

ಮುಂದಿನ ವರ್ಷ ಮಳೆಗಾಲದ ನಡುವೆ ಡಿವೈಡರನ್ನು ಮರುಪರೀಕ್ಷೆಗೆ ಕಳಿಸುವ ಅವಧಿ ಬಂತು. ಬಿಚ್ಚಿ ಕಟ್ಟುವ ಕೆಲಸ ನನಗೆ. ಮುಖ್ಯಸ್ಥರು ಬೀಗ ತೆಗೆದು ಹೋದರು. ನಾನು ಕಿಟಕಿ ತೆರೆದು, ಹಗಲ ಬೆಳಕಿನಲ್ಲಿ ಕಂಬದ ಎದುರು ನಿಂತೆ.

ಕಂಬದ ಮೇಲೆ ನನ್ನ ಹಣೆಯ ಎತ್ತರದಲ್ಲಿ ಗಂಧದ ಬೊಟ್ಟು ಇತ್ತು. ವರ್ಷಕ್ಕೆ ಒಂದರಂತೆ ಪದರದ ಮೇಲೆ ಪದರ, ಮೇಲೆ ಕುಂಕುಮ. ಮೊದಲ ವರ್ಷ ಡಿವೈಡರ್ ಬಂದ ಹೊಸತರಲ್ಲೇ, ಪ್ರಯೋಗ ಶುರುವಾಗುವ ಮೊದಲು, ಮಾಷ್ಟ್ರ ಕೆಲಸ ಚೆನ್ನಾಗಿ ಆಗಲಿ ಎಂದು ಸ್ವಲ್ಪ ಧಾರಾಳವಾಗಿಯೇ ಹಚ್ಚಿದ್ದೆ. ಆಳೆತ್ತರದ ಕಂಬ ನೋಡಿ, ಅದಕ್ಕೂ ಒಂದು ಹಣೆ ಇದ್ದ ಹಾಗೆ ಕಂಡು, ಅಲ್ಲಿಗೇ ಹಚ್ಚಿದ್ದೆ. ಬೊಟ್ಟಿನ ಮೇಲಂಚು ಒಂದು ರೆಸಿಸ್ಟರಿನ ತುದಿಯನ್ನು ಮುಟ್ಟಿತ್ತು, ಕೆಳಗಂಚಿನಿಂದ ಗಂಧದ ನೀರು ಇಳಿದು ಅದೇ ರೆಸಿಸ್ಟರಿನ ಇನ್ನೊಂದು ತುದಿಗೆ ತಾಗಿತ್ತು. ಆ ಇಳಿದ ಗೆರೆಯ ಉದ್ದಕ್ಕೂ ಕೂದಲಿನಷ್ಟು ಸಪೂರದ ಕಪ್ಪು ದಾರಿ, ಸುಟ್ಟದ್ದು. ಬೆರಳು ಇಟ್ಟರೆ ತೇವ.

ಒಂದು ಮೆಟ್ಟಿಲಿನ ಪಕ್ಕದಲ್ಲಿ ಕರೆಂಟಿಗೆ ಒಳದಾರಿ. ಮೆಟ್ಟಿಲು ಗಿಡ್ಡ. ಮಳೆಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ.

ಅವರು ಕೇಳಿದ್ದು ಧೂಳು, ಬಲೆ, ಎಣ್ಣೆ. "ಎಂತದೇ ಇರಲಿ" ಎಂದೂ ಹೇಳಿದ್ದರು. ಗಂಧ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದಲ್ಲ. ಬಿದ್ದಿತ್ತು. ಅಂಟಿಕೊಂಡದ್ದು ಎಂದರೆ ಕೊಳೆ, ಗಂಧ ಕೊಳೆಯಲ್ಲ, ಹಚ್ಚಿದ ಮೇಲೆ ಕಂಬ ಶುದ್ಧವಾಯಿತು ಎಂದೇ ನನ್ನ ಲೆಕ್ಕ. ಭೌತಶಾಸ್ತ್ರದಲ್ಲಿ ಎರಡು ಪದವಿ ಇದ್ದವನ ಲೆಕ್ಕ. ದೇವರಾಣೆ ಬೇರೆ ಇಟ್ಟಿದ್ದೆ.

ಬೊಟ್ಟನ್ನು ಒರೆಸಲು ಕೈ ಎತ್ತಿ, ನಿಲ್ಲಿಸಿದೆ. ಕಪಾಟು ಮುಚ್ಚಿ ಕಾಪುವಿನ ಬಸ್ಸು ಹಿಡಿದೆ.

ಮಾಷ್ಟ್ರು ಜಗಲಿಯಲ್ಲಿ ಕುಳಿತು ಹಳೆಯ ರೇಡಿಯೋ ಬಿಚ್ಚುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಎರಡು ಬಸ್ಸು ಹಾರ್ನ್ ಮಾಡಿಕೊಂಡು ಹೋದವು, ಪೀಪಿಗೆ ಕೈ ಹೋಗಲಿಲ್ಲ.

"ಅಕ್ಕಾ, ನೀವಾದರೂ ಎರಡು ಬೈಯಿರಿ" ಎಂದೆ, ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಗೆ.

"ನಾನು ಎಂತ ಬೈಯುದು? ಎರಡು ವರ್ಷ ಈ ಮನೆಯಲ್ಲಿ ಊಟಕ್ಕೆ ಕೂತಾಗಲೂ ನಲವತ್ತೇ. ಬೈಯುವ ಶಕ್ತಿ ಎಲ್ಲ ಅವರು ಖರ್ಚು ಮಾಡಿ ಆಗಿದೆ."

ಮಾಷ್ಟ್ರು ಕೊನೆಗೆ ಕೇಳಿದ್ದು ಒಂದೇ. "ಒರೆಸಿದಿರಾ?"

"ಇಲ್ಲ ಸರ್."

"ಒರೆಸಬೇಡಿ. ನಾಳೆ ಬರ್ತೇನೆ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದರು, ಕಂಕುಳಲ್ಲಿ ನೋಟ್‌ಬುಕ್, ಒದ್ದೆ ಕೊಡೆ. ಸಂಜೀವನೂ, ವಿದ್ಯುತ್ ವಿಭಾಗದ ಮುಖ್ಯಸ್ಥರೂ ಬಂದು ನಿಂತರು. ನನ್ನಿಂದ ಸಂಗತಿ ತಿಳಿದ ಮೇಲೆ ಮುಖ್ಯಸ್ಥರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೊಟ್ಟು ಇದ್ದ ಹಾಗೆಯೇ ವೋಲ್ಟೇಜು ಕೊಟ್ಟೆವು, ಮೀಟರಿನ ಪ್ರಕಾರ ಸರಿಯಾಗಿ ಇಪ್ಪತ್ತು ಸಾವಿರಕ್ಕೆ ನಿಲ್ಲಿಸಿದೆವು. ವೋಲ್ಟೇಜಿನ ಗುಂಡಿಯನ್ನು ಯಾರೂ ತಿರುಗಿಸಬಾರದೆಂದು ಮಾಷ್ಟ್ರು ಅದಕ್ಕೆ ಪಟ್ಟಿ ಅಂಟಿಸಿದರು. ಕರೆಂಟು ಆರಿಸಿ, ಕಂಬಕ್ಕೆ ಭೂಸಂಪರ್ಕ ಕೊಟ್ಟು, "ಈಗ ನೀವೇ ತೆಗೀರಿ ಭಟ್ರೇ" ಎಂದರು. ನಾನು ಸ್ಪಿರಿಟಿನಲ್ಲಿ ಒರೆಸಿದೆ, ಸುಟ್ಟ ಗೆರೆಯನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆದೆ. ಒಣಗಿದ ಮೇಲೆ, ಗುಂಡಿ ಮುಟ್ಟದೆ, ಮತ್ತೆ ಕರೆಂಟು ಹಾಕಿದೆವು.

ಈಗ ಮೀಟರಿನಲ್ಲಿ ಹತ್ತೊಂಬತ್ತು ಸಾವಿರದ ಒಂಬೈನೂರ ಅರವತ್ತೊಂದು.

"ನಲವತ್ತು ಅಲ್ಲ" ಎಂದರು ಮಾಷ್ಟ್ರು. "ಮೂವತ್ತೊಂಬತ್ತು." ಹಾಗೆಯೇ ಬರೆದರು.

ಆಮೇಲೆ ಜುಲೈ ಪುಟ ತೆರೆದು, ಖಾಲಿ ಉಳಿದಿದ್ದ "ಕಾರಣ" ಎಂಬಲ್ಲಿ ಬೆರಳಿಟ್ಟು, ಪೆನ್ನನ್ನು ನನಗೆ ಕೊಟ್ಟರು. ನಾನು ಬರೆದೆ: "ಆಯುಧಪೂ‌ಜೆಯಲ್ಲಿ ಡಿವೈಡರಿನ ಕಂಬಕ್ಕೆ ನಾನು ಹಚ್ಚಿದ ಗಂಧ. ನನ್ನ ಅಕ್ಷಮ್ಯ ತಿಳಿಗೇಡಿತನ." ಅವರು ಪೆನ್ನು ತೆಗೆದುಕೊಂಡು ಎರಡನೆಯ ವಾಕ್ಯದ ಮೇಲೆ ಗೆರೆ ಎಳೆದರು.

"ಅಭಿಪ್ರಾಯ ಬೇಡ."

ಮಾಷ್ಟ್ರು, ನಾನು, ಸಂಜೀವ ಅದರ ಕೆಳಗೆ ಸಹಿ ಹಾಕಿದೆವು. ವಿದ್ಯುತ್ ವಿಭಾಗದ ಮುಖ್ಯಸ್ಥರು ಕೇಳುವ ಮೊದಲೇ ಕೈಯನ್ನು ಪ್ಯಾಂಟಿಗೆ ಒರೆಸಿ ಒಣಗಿಸಿಕೊಂಡು ಹಾಕಿದರು.

ಆ ಪುಟಗಳ ಪ್ರತಿ ಮಾಡಿ ಸಮಿತಿಯ ಅಧ್ಯಕ್ಷರಿಗೆ ನಾನೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಮೂರು ವಾರ ಬಿಟ್ಟು ಉತ್ತರ ಬಂತು, ಟೈಪ್ ಮಾಡಿದ ಎರಡು ಸಾಲು. ಪತ್ರ ತಲುಪಿದೆ. ಸದರಿ ಯೋಜನೆಯ ಕಡತವನ್ನು ಈಗಾಗಲೇ ಮುಚ್ಚಿರುವುದರಿಂದ ಮುಂದಿನ ಕ್ರಮಕ್ಕೆ ಅವಕಾಶವಿಲ್ಲ. ಕೆಳಗೆ ಸಹಿ.

ಅದನ್ನು ಹಿಡಿದುಕೊಂಡು ಕಾಪುವಿಗೆ ಹೋದೆ. ಮಾಷ್ಟ್ರು ಕನ್ನಡಕ ಹಾಕಿ ಎರಡು ಸಲ ಓದಿದರು. ಒಳಗೆ ಹೋಗಿ ನೋಟ್‌ಬುಕ್ ತಂದರು. ಜುಲೈ ಪುಟದಲ್ಲಿ ಅಧ್ಯಕ್ಷರ ಹೆಸರಿನ ಎದುರು ಖಾಲಿ ಇದ್ದ ಜಾಗಕ್ಕೆ ಪತ್ರವನ್ನು ಹಿಡಿದು, ಮೇಲೆ ಕೆಳಗೆ ಸರಿಸಿ, ಸಹಿ ಅಲ್ಲಿಗೇ ಕೂರುವ ಹಾಗೆ ಮಡಚಿದರು.

"ಒಂದು ನಾಲ್ಕು ಅಗುಳು ಅನ್ನ ತಾ" ಎಂದು ಒಳಗೆ ಕೂಗಿದರು.

ಅಕ್ಕ ಬಟ್ಟಲಲ್ಲಿ ಕುಚ್ಚಲಕ್ಕಿ ಅನ್ನ ತಂದುಕೊಟ್ಟರು. ಮಾಷ್ಟ್ರು ಅಗುಳನ್ನು ಬೆರಳಲ್ಲಿ ಅರೆದು, ಪತ್ರದ ಹಿಂದೆ ಸವರಿ, ಪುಟಕ್ಕೆ ಅಂಟಿಸಿ, ಒಣಗುವ ತನಕ ಅಂಗೈಯಿಂದ ಒತ್ತಿ ಹಿಡಿದು ಕುಳಿತರು.